ಅಪ್ಪ-ಅಮ್ಮನ ಜೊತೆ ನೈಲ್ ಕ್ರೂಸ್: ಯಾವುದು ನೋಡಲೇಬೇಕು, ಯಾವುದು ಬಿಟ್ಟರೂ ನಡೆಯುತ್ತೆ?

ಮೈಸೂರ್‌ಮಗಳು

ಎಲ್ಲರಿಗೂ ನಮಸ್ಕಾರ. ಜನವರಿ ಎರಡನೇ ವಾರ ಈಜಿಪ್ಟಿಗೆ ಹೊರಟಿದ್ದೇವೆ. ಅಪ್ಪ, ಅಮ್ಮ, ನಾನು, ಹತ್ತು ವರ್ಷದ ಮಗ. ಯಜಮಾನರಿಗೆ ರಜೆ ಸಿಗಲಿಲ್ಲ. ಮೊದಲು ಕೈರೋದಲ್ಲಿ ಎರಡು ರಾತ್ರಿ, ಆಮೇಲೆ ಲಕ್ಸರ್‌ನಿಂದ ಅಸ್ವಾನ್‌ವರೆಗೆ ನಾಲ್ಕು ರಾತ್ರಿಯ ಕ್ರೂಸ್.

ಏಜೆಂಟ್ ಕೊಟ್ಟ ಪಟ್ಟಿ ನೋಡಿದರೆ ತಲೆ ತಿರುಗುತ್ತೆ. ಬೆಳಿಗ್ಗೆ ಒಂದು ದೇವಸ್ಥಾನ, ಸಂಜೆ ಒಂದು ದೇವಸ್ಥಾನ, ಮಾರನೇ ದಿನ ಮತ್ತೆರಡು. ಅಮ್ಮನಿಗೆ ಮಂಡಿ ನೋವು. ಸಮತಟ್ಟಾದ ಕಡೆ ನಿಧಾನಕ್ಕೆ ಒಂದೆರಡು ಕಿಲೋಮೀಟರ್ ನಡೆಯುತ್ತಾರೆ, ಮೆಟ್ಟಿಲು ಅಂದರೆ ಮುಖ ಬಾಡಿ ಹೋಗುತ್ತೆ. ಅಪ್ಪನಿಗೆ 71. ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು, ಸರ್ವಿಸ್‌ನಲ್ಲಿ ಅರ್ಧ ಆಲಮಟ್ಟಿ ಕಡೆಯೇ ಕಳೆದದ್ದು. ಅವರ ಕಣ್ಣೆಲ್ಲ ಅಸ್ವಾನ್ ಡ್ಯಾಂ ಮೇಲೆ. ಮಗನಿಗೆ ಮಮ್ಮಿ ಬಿಟ್ಟು ಬೇರೇನೂ ಬೇಡ. ನಾನಲ್ಲ, ಆ ಮಮ್ಮಿ.

ದೇವಸ್ಥಾನಗಳಿಗೆ ಹಡಗಿನವರೇ ಕರೆದುಕೊಂಡು ಹೋಗುತ್ತಾರಂತೆ. ದಾರಿಯಲ್ಲಿ ಒಳ್ಳೆ ಮ್ಯೂಸಿಯಂಗಳು ಇವೆಯಾ? ಅಸ್ವಾನ್‌ನಿಂದಲೂ ಆಚೆ ಇರುವ ಅಬು ಸಿಂಬೆಲ್ ಗುಡಿಗೆ ಹೋಗಬೇಕು ಅಂದರೆ ರಾತ್ರಿ ಮೂರೂವರೆಗೆ ಎದ್ದು ಬಸ್ ಹತ್ತಬೇಕಂತೆ, ಈ ವಯಸ್ಸಿನವರನ್ನು ಕರೆದುಕೊಂಡು ಹೋಗೋದು ಸರಿಯಾ? ಕೈರೋದಲ್ಲಿ ಮೂರು ಮ್ಯೂಸಿಯಂ ಹೇಳುತ್ತಿದ್ದಾರೆ, ನಮಗೆ ಸಿಗೋದು ಒಂದೂವರೆ ದಿನ. ಇನ್ನೊಂದು, ನಾವು ಪೂರ್ತಿ ಸಸ್ಯಾಹಾರಿಗಳು. ಹೋಗಿ ಬಂದವರು ಸ್ವಲ್ಪ ಬಿಡಿಸಿ ಹೇಳಿ.

ತೀರ್ಥಹಳ್ಳಿ–ದುಬೈ

ಎರಡು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಗೆಳೆಯರ ಜೊತೆ, ಎರಡನೇ ಸಲ ಅತ್ತೆ-ಮಾವನ ಜೊತೆ. ಎರಡೂ ಒಂದೇ ದೇಶ ಅಂತ ನನಗೇ ಅನ್ನಿಸಲಿಲ್ಲ. ಹಾಗಾಗಿ ಎರಡನೇ ಸಲದ ಲೆಕ್ಕದಲ್ಲೇ ಹೇಳುತ್ತೇನೆ.

ಮೊದಲು ಯಾವ ಏಜೆಂಟೂ ಬಾಯಿ ಬಿಡದ ವಿಷಯ. ಲಕ್ಸರ್‌ನಲ್ಲಿ ಹಡಗುಗಳು ದಡಕ್ಕೆ ಒಂದರ ಪಕ್ಕ ಒಂದು ಅಂಟಿಕೊಂಡು ನಿಲ್ಲುತ್ತವೆ, ಡಿಪೋದಲ್ಲಿ ಬಸ್ಸು ನಿಂತ ಹಾಗೆ. ನಿಮ್ಮದು ನಾಲ್ಕನೆಯದು ಅಂದರೆ ಮಿಕ್ಕ ಮೂರು ಹಡಗಿನ ಲಾಬಿ ದಾಟಿಕೊಂಡೇ ದಡ ಸೇರಬೇಕು. ನಡುವೆ ಹಲಗೆ, ಒಂದು ಹಡಗು ಸ್ವಲ್ಪ ಎತ್ತರ ಇನ್ನೊಂದು ತಗ್ಗು, ಕೊನೆಗೆ ದಡ ಹತ್ತಲು ಮೆಟ್ಟಿಲು. ನಮ್ಮ ಅತ್ತೆ ಮೊದಲ ದಿನ ಅಲ್ಲೇ ಸುಸ್ತಾದರು, ದೇವಸ್ಥಾನ ಆಮೇಲೆ. ಹಡಗಿನಲ್ಲಿ ಲಿಫ್ಟ್ ಇದೆಯಾ ಅಂತ ಈಗಲೇ ಬರಹದಲ್ಲಿ ಕೇಳಿಸಿಕೊಳ್ಳಿ, ಲಾಬಿ ಇರುವ ಮಹಡಿಯಲ್ಲೇ ರೂಮು ಕೇಳಿ. ಬಾಲ್ಕನಿಗೆ ಅಂತ ಜಾಸ್ತಿ ದುಡ್ಡು ಕೊಡುವಾಗಲೂ ನೆನಪಿರಲಿ, ಹಡಗು ನಿಂತಾಗ ಪರದೆ ಸರಿಸಿದರೆ ಕಾಣೋದು ಪಕ್ಕದ ಹಡಗಿನವರ ಮುಖ.

ಲಕ್ಸರ್‌ನಲ್ಲಿ ಕಾರ್ನಾಕ್ ದೇವಸ್ಥಾನ ಬಿಡುವ ಹಾಗೇ ಇಲ್ಲ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ, ಹತ್ತು ಗಂಟೆ ಆದ ಮೇಲೆ ಜಾತ್ರೆ. 134 ಕಂಬದ ಒಂದು ಸಭಾಂಗಣ ಇದೆ, ನಡುವಿನ 12 ಕಂಬ ಸುಮಾರು 21 ಮೀಟರ್ ಎತ್ತರ. ಎಲ್ಲರೂ ಕಂಬದ ಬುಡದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ಗೋಡೆ ಪಕ್ಕ ಅಮ್ಮನನ್ನು ಕೂರಿಸಿ, ತಲೆ ಎತ್ತಿ ಕಂಬಗಳ ತುದಿಗೆ ಅಡ್ಡ ಹಾಕಿದ ತೊಲೆಗಳ ಅಡಿಭಾಗ ನೋಡಿ. ಬಿಸಿಲು, ಮಳೆ, ಧೂಳು ತಾಗದ ಕಡೆ ನೀಲಿ, ಕೆಂಪು ಬಣ್ಣ ಇನ್ನೂ ಉಳಿದಿದೆ, ಮೂರು ಸಾವಿರ ವರ್ಷಕ್ಕೂ ಹಿಂದೆ ಬಳಿದದ್ದು. ಇಡೀ ಗುಡಿ ಒಂದು ಕಾಲದಲ್ಲಿ ಬರೀ ಕಲ್ಲು ಬಣ್ಣ ಇರಲಿಲ್ಲ ಅನ್ನೋದು ಆಗ ತಲೆಗೆ ಹೋಗುತ್ತೆ. ಹಿಂದೆ ಕೊಳದ ಹತ್ತಿರ ದೊಡ್ಡ ಕಲ್ಲಿನ ಜೀರುಂಡೆ ಇದೆ. ಅದನ್ನು ಸುತ್ತಿದರೆ ಒಳ್ಳೇದಾಗುತ್ತೆ ಅಂತ ಪ್ರವಾಸಿಗಳೆಲ್ಲ ಸುತ್ತುತ್ತಿರುತ್ತಾರೆ. ನಮ್ಮತ್ತೆ ಅಶ್ವತ್ಥಕಟ್ಟೆ ಸುತ್ತುವ ಹಾಗೆ ಪ್ರದಕ್ಷಿಣೆ ಹಾಕಿ ಬಂದರು, ಯಾರೂ ಹೇಳಿಕೊಡಬೇಕಾಗಲಿಲ್ಲ.

ಲಕ್ಸರ್ ದೇವಸ್ಥಾನ ಹಗಲು ಬೇಡ, ಕತ್ತಲಾದ ಮೇಲೆ ಹೋಗಿ, ದೀಪ ಹಾಕಿರುತ್ತಾರೆ. ಬಾಗಿಲಲ್ಲಿ ಒಂದೇ ಒಬೆಲಿಸ್ಕ್, ಅಂದರೆ ಚೂಪು ತುದಿಯ ಕಲ್ಲಿನ ಕಂಬ, ಇದೆ ನೋಡಿ, ಅದರ ಜೋಡಿ 1836ರಿಂದ ಪ್ಯಾರಿಸ್‌ನ ಚೌಕದಲ್ಲಿ ನಿಂತಿದೆ. ಒಳಗೆ ಹೋದರೆ ಎಡಗಡೆ ಮಸೀದಿ. ಅದರ ಹಳೇ ಬಾಗಿಲು ನೆಲದಿಂದ ಎಷ್ಟೋ ಮೀಟರ್ ಮೇಲೆ ಗಾಳಿಯಲ್ಲಿ ತೂಗುತ್ತಿರುವ ಹಾಗೆ ಇದೆ. ಮಸೀದಿ ಕಟ್ಟುವಾಗ ದೇವಸ್ಥಾನ ಅಷ್ಟು ಎತ್ತರಕ್ಕೆ ಮಣ್ಣಲ್ಲಿ ಹೂತಿತ್ತು, ಆಮೇಲೆ ಮಣ್ಣು ತೆಗೆದಾಗ ಬಾಗಿಲು ಮೇಲೆ ಉಳಿಯಿತು. ಅಲ್ಲಿಂದ ಕಾರ್ನಾಕ್‌ವರೆಗೆ 2.7 ಕಿಲೋಮೀಟರ್ ಸಿಂಹನಾರಿಗಳ ಸಾಲು ಇರುವ ದಾರಿ ಇದೆ, 2021ರ ನವೆಂಬರ್‌ನಲ್ಲಿ ದೊಡ್ಡ ಮೆರವಣಿಗೆ ಮಾಡಿ ತೆರೆದರು. ತುದಿಯಿಂದ ನೋಡಿದರೆ ಸಾಕು, ಅಮ್ಮನನ್ನು ಪೂರ್ತಿ ನಡೆಸಬೇಡಿ.

ಇನ್ನು ನೀವು ಕೇಳಿದ ಮ್ಯೂಸಿಯಂ. ಲಕ್ಸರ್ ಮ್ಯೂಸಿಯಂ. ಬಹಳಷ್ಟು ಹಡಗುಗಳ ಪಟ್ಟಿಯಲ್ಲಿ ಇದು ಇರೋದೇ ಇಲ್ಲ. ನದಿ ದಂಡೆಯ ರಸ್ತೆಯಲ್ಲೇ ಇದೆ, ಒಂದೂವರೆ ಗಂಟೆ ಸಾಕು, ಜನ ಕಡಿಮೆ. ನಾವು ಹೋದಾಗ ಸಂಜೆಯೂ ತೆರೆದಿತ್ತು, ಸಮಯ ಮಾತ್ರ ವಿಚಾರಿಸಿಕೊಂಡು ಹೋಗಿ. ಸಾಮಾನು ತುಂಬಿಸಿಟ್ಟ ಮ್ಯೂಸಿಯಂ ಅಲ್ಲ ಅದು. ಒಂದೊಂದು ಮೂರ್ತಿಗೂ ಸುತ್ತ ಜಾಗ ಬಿಟ್ಟು, ಅದರ ಮೇಲಷ್ಟೇ ಬೆಳಕು ಬಿಟ್ಟಿದ್ದಾರೆ. 1989ರಲ್ಲಿ ಲಕ್ಸರ್ ದೇವಸ್ಥಾನದ ಅಂಗಳದ ನೆಲ ಅಗೆಯುವಾಗ ಒಂದು ಗುಂಡಿಯಲ್ಲಿ ಮೂರ್ತಿಗಳ ರಾಶಿ ಸಿಕ್ಕಿತು, ಅವು ಇಲ್ಲಿವೆ. ಅಖೆನಾತೆನ್ ಅನ್ನೋ ರಾಜ ಕಟ್ಟಿಸಿದ ಗುಡಿಯನ್ನು ಮುಂದಿನವರು ಕೆಡವಿ ಅದರ ಚಿಕ್ಕ ಚಿಕ್ಕ ಕಲ್ಲುಗಳನ್ನು ಕಾರ್ನಾಕ್ ಗೋಪುರದ ಹೊಟ್ಟೆಗೆ ತುಂಬಿದ್ದರು. ಆ ಕಲ್ಲುಗಳನ್ನೇ ಹೊರಗೆ ತೆಗೆದು, ಚಿತ್ರ ಕೂಡಿಸಿ, ಸುಮಾರು 18 ಮೀಟರ್ ಗೋಡೆಯಾಗಿ ನಿಲ್ಲಿಸಿದ್ದಾರೆ. ನಿಮ್ಮ ಮಗನಿಗೆ ಎರಡು ರಾಜರ ಮಮ್ಮಿಗಳೂ ಸಿಗುತ್ತವೆ. ಅದರಲ್ಲಿ ಒಂದು ಒಂದನೇ ರಾಮ್ಸೆಸ್‌ನದು ಅಂತ ನಂಬಿದ್ದಾರೆ. ಆ ಪುಣ್ಯಾತ್ಮ ನೂರಕ್ಕೂ ಜಾಸ್ತಿ ವರ್ಷ ನಯಾಗರ ಜಲಪಾತದ ಹತ್ತಿರದ ಒಂದು ವಿಚಿತ್ರ ವಸ್ತುಗಳ ಮ್ಯೂಸಿಯಂನಲ್ಲಿ ಯಾರು ಅಂತಲೇ ಗೊತ್ತಿಲ್ಲದೆ ಮಲಗಿದ್ದ. ಆಮೇಲೆ ಅಟ್ಲಾಂಟಾಗೆ ಹೋಗಿ, 2003ರಲ್ಲಿ ಊರಿಗೆ ವಾಪಸ್ ಬಂದ.

ರಾಜರ ಕಣಿವೆಗೆ ಒಂದು ಮಾತು. ಟಿಕೆಟ್‌ನಲ್ಲಿ ಮೂರು ಸಮಾಧಿ ಬರುತ್ತೆ, ಟುಟಾಂಖಾಮೂನ್, ಒಂದನೇ ಸೇಟಿ, ಆರನೇ ರಾಮ್ಸೆಸ್ ಇವಕ್ಕೆ ಬೇರೆ ಟಿಕೆಟ್. ಗೈಡ್ ಹೇಳಿದ ಮೂರಕ್ಕೆ ಹೋಗದೆ ಮಂಡಿಗೆ ಹೊಂದುವ ಮೂರನ್ನು ನೀವೇ ಆರಿಸಿಕೊಳ್ಳಿ. ನಾಲ್ಕನೇ ರಾಮ್ಸೆಸ್ ಸಮಾಧಿ ಬಾಗಿಲ ಹತ್ತಿರವೇ ಇದೆ, ದಾರಿ ಅಗಲ, ಇಳಿಜಾರು ಸಣ್ಣದು. ಹಳೇ ಕಾಲದ ಪ್ರವಾಸಿಗಳು, ಸನ್ಯಾಸಿಗಳು ಗೀಚಿದ ಬರಹವೂ ಗೋಡೆ ಮೇಲಿದೆ. ಮೂರನೇ ಥುಟ್ಮೋಸ್‌ನದು ಕಡಿದಾದ ಮೆಟ್ಟಿಲು, ಅದನ್ನು ಪೂರ್ತಿ ಮರೆತುಬಿಡಿ. ಹೆಚ್ಚಿಗೆ ಒಂದಕ್ಕೆ ದುಡ್ಡು ಕೊಡುವುದಾದರೆ ನನ್ನ ಮತ ಆರನೇ ರಾಮ್ಸೆಸ್‌ಗೆ. ಚಾವಣಿ ತುಂಬ ಆಕಾಶದೇವಿ ನೂತ್, ಸಂಜೆ ಸೂರ್ಯನನ್ನು ನುಂಗಿ ಬೆಳಿಗ್ಗೆ ಹೆರುತ್ತಾಳೆ. ಟುಟಾಂಖಾಮೂನ್‌ನದು ಪುಟ್ಟ ಕೋಣೆ, ಮಮ್ಮಿ ಇನ್ನೂ ಅಲ್ಲೇ ಇದೆ, ಚಿನ್ನವೆಲ್ಲ ಕೈರೋದಲ್ಲಿ. ದೊಡ್ಡವರಿಗೆ ಸಪ್ಪೆ ಅನ್ನಿಸಬಹುದು, ಹತ್ತು ವರ್ಷದವನಿಗೆ ಅದೇ ಹಬ್ಬ.

ಆಮೇಲೆ ಗೈಡ್ ಅಲಾಬಾಸ್ಟರ್ ಕಲ್ಲಿನ ಸಾಮಾನಿನ ಕಾರ್ಖಾನೆ, ಅತ್ತರಿನ ಅಂಗಡಿ ಅಂತ ನಿಲ್ಲಿಸುತ್ತಾನೆ. ನಮ್ಮವನು ಅತ್ತರಿನ ಅಂಗಡಿಯಲ್ಲಿ ಒಂದು ಗಂಟೆ ಕೂರಿಸಿದ, ಅದಕ್ಕೆ ಮದೀನತ್ ಹಾಬು ದೇವಸ್ಥಾನ ತಪ್ಪಿಹೋಯಿತು. ಮೊದಲೇ ನಗುತ್ತಾ ಹೇಳಿಬಿಡಿ, ಅಂಗಡಿ ಬೇಡ ಅಂತ.

ಮೈಸೂರ್‌ಮಗಳು

ಅಬ್ಬಾ, ಎಷ್ಟು ಚೆನ್ನಾಗಿ ಬರೆದಿದ್ದೀರಿ ಅಣ್ಣ. ಹಲಗೆ ವಿಷಯ ಯಾರೂ ಹೇಳಿರಲಿಲ್ಲ, ಈಗಲೇ ಫೋನ್ ಮಾಡಿ ಲಿಫ್ಟ್ ಕೇಳಿದೆ, "ಕೇಳಿ ಹೇಳ್ತೀವಿ ಮೇಡಂ" ಅಂದರು. ಅಂದರೆ ಇಲ್ಲ ಅಂತ ಅಲ್ವಾ? ಡ್ಯಾಂ, ಅಬು ಸಿಂಬೆಲ್ ಬಗ್ಗೆ ಯಾರಾದರೂ ಹೇಳಿ. ಅಪ್ಪ ಪಕ್ಕದಲ್ಲೇ ಕೂತು ಓದುತ್ತಿದ್ದಾರೆ.

ಗೇಜ್‌ರೀಡರ್

ಅಮ್ಮಾ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ನಾನೂ ಇಲಾಖೆಯವನೇ, ತುಂಗಭದ್ರಾ ಕಡೆ ಇದ್ದೆ. ಅವರ ಪರವಾಗಿ ನಾನು ಬರೆಯುತ್ತೇನೆ.

ಮೊದಲು ದಿಕ್ಕು ಸರಿಮಾಡಿಕೊಳ್ಳಿ. ನೈಲ್ ಹರಿಯೋದು ದಕ್ಷಿಣದಿಂದ ಉತ್ತರಕ್ಕೆ. ಆದ್ದರಿಂದ ಮೇಲಿನ ಈಜಿಪ್ಟ್ ಅಂದರೆ ನಕಾಶೆಯಲ್ಲಿ ಕೆಳಗಿನದು. ನೀವು ಲಕ್ಸರ್‌ನಿಂದ ಅಸ್ವಾನ್‌ಗೆ ಹೋಗುತ್ತೀರಿ ಅಂದರೆ ಪ್ರವಾಹಕ್ಕೆ ಎದುರು. ಎಸ್ನಾ ಹತ್ತಿರ ಬ್ಯಾರೇಜ್ ಇದೆ, ಅಲ್ಲಿ ಲಾಕ್‌ನಲ್ಲಿ ಹಡಗನ್ನು ನಿಲ್ಲಿಸಿ, ಗೇಟ್ ಮುಚ್ಚಿ, ನೀರು ಬಿಟ್ಟು ಮೇಲಕ್ಕೆ ಎತ್ತುತ್ತಾರೆ. ಹಡಗುಗಳ ಸರದಿ ಇರುತ್ತೆ, ರಾತ್ರಿ ಎಷ್ಟೊತ್ತಿಗೆ ನಿಮ್ಮದು ಬರುತ್ತೋ ಗೊತ್ತಾಗಲ್ಲ. ನಾನು ಸ್ವೆಟರ್ ಹಾಕಿಕೊಂಡು ಮೇಲಿನ ಡೆಕ್‌ನಲ್ಲೇ ಕೂತಿದ್ದೆ. ಹಡಗಿನ ಪಕ್ಕಕ್ಕೂ ಕಾಂಕ್ರೀಟ್ ಗೋಡೆಗೂ ನಡುವೆ ಬಹಳ ಕಡಿಮೆ ಸಂದು. ಗೋಡೆಯ ಹಸಿ ಗೆರೆ ಇಂಚಿಂಚೇ ಕೆಳಗೆ ಇಳಿಯೋದು ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯಲ್ಲ. ನಮ್ಮ ಮನೆಯವರು "ಇದನ್ನ ನೋಡೋಕೆ ಇಷ್ಟು ದೂರ ಬರಬೇಕಿತ್ತಾ" ಅಂತ ಹೋಗಿ ಮಲಗಿದರು. ನಿಮ್ಮ ತಂದೆ ಮಲಗಲ್ಲ, ಬರೆದುಕೊಡುತ್ತೇನೆ.

ಎಸ್ನಾದಲ್ಲಿ ಊರೊಳಗೆ ಖ್ನೂಮ್ ದೇವರ ಗುಡಿ ಇದೆ, ಎಷ್ಟೋ ಹಡಗಿನವರು ನಿಲ್ಲಿಸದೆ ಹೋಗುತ್ತಾರೆ. ಈಗಿನ ರಸ್ತೆಯ ಮಟ್ಟದಿಂದ ಸುಮಾರು ಒಂಬತ್ತು ಮೀಟರ್ ಕೆಳಗೆ, ಗುಂಡಿಯಲ್ಲಿ ಕೂತಿದೆ. 24 ಕಂಬ. ಎಷ್ಟೋ ಕಾಲದ ಮಸಿ ಒರೆಸಿದ ಮೇಲೆ ಒಳಗಿನ ಬಣ್ಣ ಹೊರಗೆ ಬಂದಿದೆ. ಇಳಿಯೋಕೆ ಮೆಟ್ಟಿಲು, ತಾಯಿಯವರಿಗೆ ಬೇಡ. ನಿಮ್ಮ ಹಡಗು ಅಲ್ಲಿ ನಿಂತರೆ ನೀವು ಓಡಿಹೋಗಿ ನೋಡಿ ಬನ್ನಿ.

ಕೋಮ್ ಒಂಬೋ ದೇವಸ್ಥಾನದ ಅಂಗಳದಲ್ಲಿ ನೈಲೋಮೀಟರ್ ಇದೆ. ನೋಡಿದರೆ ಬಾವಿ. ಪ್ರವಾಸಿಗಳು ಒಂದು ನಾಣ್ಯ ಎಸೆದು ಹೋಗುತ್ತಾರೆ, ನಾನು ಅರ್ಧ ಗಂಟೆ ನಿಂತಿದ್ದೆ. ನದಿ ನೀರು ಎಷ್ಟು ಏರಿತು ಅಂತ ಅಳೆದು, ಆ ವರ್ಷ ಬೆಳೆ ಎಷ್ಟು ಬರುತ್ತೆ, ಕಂದಾಯ ಎಷ್ಟು ಹಾಕಬಹುದು ಅಂತ ಲೆಕ್ಕ ಹಾಕುತ್ತಿದ್ದರು. ಅಸ್ವಾನ್‌ನ ಎಲಿಫೆಂಟೈನ್ ದ್ವೀಪದಲ್ಲಿ ಇನ್ನೂ ಒಳ್ಳೇದಿದೆ, ನದಿಗೆ ಇಳಿಯುವ ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಅಳತೆ ಗುರುತು ಕೆತ್ತಿದ್ದಾರೆ. ನಾವು ಬೆಳಿಗ್ಗೆ ಎದ್ದು ನದಿ ದಂಡೆಯ ಗೇಜ್ ನೋಡಿ ರಿಜಿಸ್ಟರ್‌ಗೆ ಬರೆದದ್ದು ಇದೇ ಕೆಲಸವೇ ಅಲ್ವಾ. ಆ ಕಾಲದಲ್ಲಿ ಪೂಜಾರಿಗಳು ಮಾಡುತ್ತಿದ್ದರು, ಗೌರವ ಜಾಸ್ತಿ ಇತ್ತು, ಅಷ್ಟೇ ವ್ಯತ್ಯಾಸ.

ಹೈ ಡ್ಯಾಂ ಬಗ್ಗೆ ನಿಜ ಹೇಳಬೇಕು. ನೋಡೋಕೆ ಏನೂ ಇಲ್ಲ. ಕಲ್ಲು-ಮಣ್ಣಿನ ಕಟ್ಟೆ, ಎತ್ತರ 111 ಮೀಟರ್, ಉದ್ದ 3.8 ಕಿಲೋಮೀಟರ್, 1970ರಲ್ಲಿ ಮುಗಿದದ್ದು. ಬುಡದಲ್ಲಿ ಸುಮಾರು ಒಂದು ಕಿಲೋಮೀಟರ್ ಅಗಲ ಇರೋದರಿಂದ ಡ್ಯಾಂ ಮೇಲೆ ನಿಂತಿದ್ದೀವಿ ಅಂತ ಅನ್ನಿಸೋದೇ ಇಲ್ಲ. ನಮ್ಮ ಹಾಗೆ ಕ್ರೆಸ್ಟ್ ಗೇಟ್ ತೆಗೆದು ನೀರು ಧುಮುಕೋದು ಅಲ್ಲಿ ಕಾಣಲ್ಲ. ಗೈಡ್ ಹದಿನೈದು ನಿಮಿಷ ನಿಲ್ಲಿಸುತ್ತಾನೆ. ಆದರೆ ಹಿಂದಿನ ಸರೋವರದ ಲೆಕ್ಕ ಹಾಕಿದರೆ ಎದೆ ಝಲ್ ಅನ್ನುತ್ತೆ. ಕೆಆರ್‌ಎಸ್ 49 ಟಿಎಂಸಿ, ಆಲಮಟ್ಟಿ 123. ನಾಸೆರ್ ಸರೋವರ 4,500 ಟಿಎಂಸಿಗೂ ಜಾಸ್ತಿ. ತಂದೆಯವರಿಗೆ ಈ ಒಂದು ಸಂಖ್ಯೆ ಸಾಕು.

ಫಿಲೆ ದೇವಸ್ಥಾನ ಅಂತೂ ಬಿಡಬೇಡಿ, ಈ ಇಡೀ ಪ್ರಯಾಣದಲ್ಲಿ ನನಗೆ ತುಂಬಾ ಹಿಡಿಸಿದ್ದು ಅದೇ. 1902ರಲ್ಲಿ ಹಳೇ ಅಸ್ವಾನ್ ಡ್ಯಾಂ ಆದ ಮೇಲೆ ಇದು ವರ್ಷದಲ್ಲಿ ಹೆಚ್ಚಿನ ತಿಂಗಳು ನೀರಲ್ಲೇ ಇರುತ್ತಿತ್ತು, ಜನ ದೋಣಿಯಲ್ಲಿ ಕಂಬಗಳ ನಡುವೆ ಸುತ್ತುತ್ತಿದ್ದರು. ಹೈ ಡ್ಯಾಂ ಆದ ಮೇಲೆ ದ್ವೀಪದ ಸುತ್ತ ಕಾಫರ್ ಡ್ಯಾಂ, ಅಂದರೆ ತಾತ್ಕಾಲಿಕ ಒಡ್ಡು, ಕಟ್ಟಿ, ನೀರು ಹೊರಗೆ ಹಾಕಿ, ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಪಕ್ಕದ ಅಗಿಲ್ಕಿಯ ದ್ವೀಪದಲ್ಲಿ ಜೋಡಿಸಿ 1980ರಲ್ಲಿ ತೆರೆದರು. ಗೋಡೆ ಮೇಲೆ ನೀರು ನಿಂತ ಕರೆ ಇನ್ನೂ ಕಾಣುತ್ತೆ, ಹುಡುಕಿ ನೋಡಿ. ಚಿತ್ರಲಿಪಿಯಲ್ಲಿ ಬರೆದ ಕೊನೆಯ ಶಾಸನ ಇರೋದೂ ಇಲ್ಲೇ, ಕ್ರಿ.ಶ. 394ರದ್ದು. ನಮ್ಮ ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯದೂ ಇದೇ ಕಥೆ ಅಲ್ವಾ? ಕೆಆರ್‌ಎಸ್ ಹಿನ್ನೀರಿನಲ್ಲಿ ಮುಳುಗಿತ್ತು, ಬೇಸಿಗೆಯಲ್ಲಿ ನೀರು ಇಳಿದರೆ ಕಾಣುತ್ತಿತ್ತು, ಆಮೇಲೆ ಕಲ್ಲುಗಳನ್ನು ತೆಗೆದು ತಂದು ಹೊಸ ಕನ್ನಂಬಾಡಿಯಲ್ಲಿ ಕಟ್ಟಿದರು. ಮೈಸೂರಿನವರಿಗೆ ನಾನು ಹೇಳಬೇಕಾ.

ಕೊನೆಯದು ನೂಬಿಯನ್ ಮ್ಯೂಸಿಯಂ, ಅಸ್ವಾನ್‌ನಲ್ಲಿ. 1997ರಲ್ಲಿ ಆದದ್ದು, ಕಟ್ಟಡಕ್ಕೆ ಆಗಾ ಖಾನ್ ಪ್ರಶಸ್ತಿ ಬಂದಿದೆ. ಪ್ಯಾಕೇಜಿನಲ್ಲಿ ಇರಲ್ಲ, ಟ್ಯಾಕ್ಸಿ ಮಾಡಿಕೊಂಡು ಹೋಗಿ. ರಾಜರ ಮೂರ್ತಿಗಳೂ ಇವೆ, ಆದರೆ ಡ್ಯಾಂ ಹಿನ್ನೀರಿನಲ್ಲಿ ಮುಳುಗಿದ ನೂಬಿಯನ್ನರ ಊರುಗಳ ಮನೆ, ಅಡುಗೆ, ಮದುವೆ, ಮಕ್ಕಳ ಪಾಠ ಇವನ್ನೆಲ್ಲ ಆಳೆತ್ತರದ ಬೊಂಬೆಗಳಲ್ಲಿ ತೋರಿಸಿದ್ದಾರೆ. ಡ್ಯಾಂ ಕಟ್ಟಿದ ದೇಶವೇ ಕಟ್ಟಿಸಿದ ಮ್ಯೂಸಿಯಂ, ಆದರೆ ಅದರೊಳಗೆ ಇರೋದು ಡ್ಯಾಂನಿಂದ ಊರು ಬಿಟ್ಟವರು. ನಿಮ್ಮ ತಂದೆ ಹಳೇ ಬಾಗಲಕೋಟೆ ಖಾಲಿಯಾಗೋದನ್ನು ನೋಡಿರುತ್ತಾರೆ. ಅವರಿಗೆ ಅಲ್ಲಿ ಸ್ವಲ್ಪ ಹೊತ್ತು ಕೂರೋಕೆ ಬಿಡಿ, ಗಡಿಬಿಡಿ ಮಾಡಬೇಡಿ.

ಅಬು ಸಿಂಬೆಲ್: ನನ್ನ ಅಭಿಪ್ರಾಯದಲ್ಲಿ ಬೇಡ. ಹೋಗೋದು ಮೂರೂವರೆ ಗಂಟೆ, ಬರೋದು ಮೂರೂವರೆ ಗಂಟೆ, ಮರಳುಗಾಡು. ನಾನು ಹೋದೆ, ಬಂದು ಎರಡು ದಿನ ಸೊಂಟ ಹಿಡಿದುಕೊಂಡಿತ್ತು.

ತೀರ್ಥಹಳ್ಳಿ–ದುಬೈ

ಗೇಜ್‌ರೀಡರ್ ಸರ್, ಉಳಿದದ್ದಕ್ಕೆಲ್ಲ ಸೈ, ಅಬು ಸಿಂಬೆಲ್‌ಗೆ ಮಾತ್ರ ಒಪ್ಪಲ್ಲ. ನಿವೃತ್ತ ಎಂಜಿನಿಯರ್‌ಗೆ ಅದನ್ನು ಬಿಡಿ ಅಂತ ನೀವೇ ಹೇಳಿದರೆ ಹೇಗೆ? ಬೆಟ್ಟದಲ್ಲಿ ಕೊರೆದ ಗುಡಿ, ಹೊರಗೆ 20 ಮೀಟರಿನ ನಾಲ್ಕು ಮೂರ್ತಿ. 1964ರಿಂದ 68ರವರೆಗೆ ಹೈ ಡ್ಯಾಂ ನೀರಲ್ಲಿ ಮುಳುಗಬಾರದು ಅಂತ ಅದನ್ನು ಗರಗಸದಲ್ಲಿ ಕುಯ್ದು, 20-30 ಟನ್ನಿನ ತುಂಡು ಮಾಡಿ, 65 ಮೀಟರ್ ಮೇಲಕ್ಕೆ, 200 ಮೀಟರ್ ಹಿಂದಕ್ಕೆ ಒಯ್ದು ಜೋಡಿಸಿದರು. ಹಿಂದಿನ ಬೆಟ್ಟವೂ ನಿಜದ್ದಲ್ಲ, ಒಳಗೆ ಕಾಂಕ್ರೀಟ್ ಗುಮ್ಮಟ. ಮೊದಲು ವರ್ಷಕ್ಕೆ ಎರಡು ದಿನ ಬೆಳಗಿನ ಬಿಸಿಲು ಗರ್ಭಗುಡಿಯ ಗೋಡೆವರೆಗೆ ಹೋಗುತ್ತಿತ್ತು. ಜಾಗ ಬದಲಾಯಿಸಿದ ಮೇಲೂ ಹೋಗುತ್ತೆ, ಈಗ ಫೆಬ್ರವರಿ 22, ಅಕ್ಟೋಬರ್ 22. ಒಂದೇ ಒಂದು ದಿನ ಆಚೀಚೆ ಆಗಿದೆ ಅಂತಾರೆ. ಗರ್ಭಗುಡಿಯೊಳಗೆ ಕೂತ ನಾಲ್ಕು ಮೂರ್ತಿಗಳಲ್ಲಿ ಮೂರಕ್ಕೆ ಬೆಳಕು ಬೀಳುತ್ತೆ, ಕತ್ತಲಲೋಕದ ದೇವರು ಪ್ತಾಹ್‌ಗೆ ಬೀಳಲ್ಲ.

ಬಸ್ ಕಷ್ಟ ಅನ್ನೋದು ನಿಜ. ಅಸ್ವಾನ್‌ನಿಂದ ವಿಮಾನ ಇದೆ, ಮುಕ್ಕಾಲು ಗಂಟೆ. ಇಲ್ಲ ಅಂದರೆ ಅಮ್ಮ ಹಡಗಿನಲ್ಲೇ ಬಿಸಿಲು ಕಾಯಿಸಿಕೊಂಡು ಕೂರಲಿ, ಅಪ್ಪ ಮೊಮ್ಮಗ ಹೋಗಿ ಬರಲಿ. ಎಲ್ಲರೂ ಎಲ್ಲ ಕಡೆ ಹೋಗಲೇಬೇಕು ಅಂತ ಏನಿಲ್ಲ.

ಗೇಜ್‌ರೀಡರ್

ವಿಮಾನ ಆದರೆ ಸರಿ. ನನ್ನ ಮಾತು ವಾಪಸ್.

ಧಾರವಾಡ_ಪೇಡೆ

ಮಕ್ಕಳ ಕಡೆಯಿಂದ ನಾನು ಹೇಳುತ್ತೇನೆ ಅಕ್ಕಾ. ನಾವು ಹೋದಾಗ ನಮ್ಮ ದೊಡ್ಡವನಿಗೆ ಒಂಬತ್ತು, ಚಿಕ್ಕವಳಿಗೆ ಆರು. ಮೂರನೇ ದೇವಸ್ಥಾನಕ್ಕೇ "ಮತ್ತೆ ಕಲ್ಲಾ?" ಅಂತ ಶುರು ಮಾಡಿದರು. ಅವರನ್ನು ಕಾಪಾಡಿದ್ದು ಎರಡು ಸಣ್ಣ ಮ್ಯೂಸಿಯಂ.

ಒಂದು ಲಕ್ಸರ್‌ನ ಮಮ್ಮಿ ಮಾಡುವ ವಿದ್ಯೆಯ ಮ್ಯೂಸಿಯಂ. ನದಿ ದಂಡೆಯಲ್ಲೇ, ದೇವಸ್ಥಾನದ ಹತ್ತಿರ. ಒಂದೇ ದೊಡ್ಡ ಹಾಲ್, ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತೆ. ಮಿದುಳನ್ನು ಮೂಗಿನಿಂದ ಎಳೆದು ತೆಗೆಯುವ ಕೊಕ್ಕೆ, ಒಣಗಿಸಲು ಹಾಕುವ ಉಪ್ಪು, ಕರುಳು ಇಡುವ ಭರಣಿ, ಬೆಕ್ಕಿನ ಮಮ್ಮಿ, ಮೊಸಳೆ ಮಮ್ಮಿ, ಮೀನಿನ ಮಮ್ಮಿ. ನಮ್ಮವನು ಊಟಕ್ಕೆ ಕೂತಾಗ ಮೂಗಿನ ಕಥೆ ಪಕ್ಕದ ಟೇಬಲ್‌ನವರಿಗೂ ಹೇಳಿದ. ಇನ್ನೊಂದು ಕೋಮ್ ಒಂಬೋದ ಮೊಸಳೆ ಮ್ಯೂಸಿಯಂ, 2012ರಲ್ಲಿ ಆದದ್ದು, ದೇವಸ್ಥಾನದಿಂದ ಹೊರಗೆ ಬರುವ ದಾರಿಯಲ್ಲೇ ಇದೆ. ಅಲ್ಲಿ ಸೋಬೆಕ್ ಅಂತ ಮೊಸಳೆ ತಲೆಯ ದೇವರು. ಅವನಿಗೆ ಅರ್ಪಿಸಿದ ಮೊಸಳೆಗಳನ್ನು ಮಮ್ಮಿ ಮಾಡಿ ಇಟ್ಟದ್ದು, ದೊಡ್ಡವು, ಮರಿಗಳು, ಮೊಟ್ಟೆ ಕೂಡ. ಒಳಗೆ ಮಂದ ಬೆಳಕು, ಏಸಿ. ಹೊರಗಿನ ಗೋಡೆಯಲ್ಲಿ ಆಪರೇಷನ್ ಸಾಮಾನಿನ ಕೆತ್ತನೆ ಇದೆ, ಅದನ್ನೂ ತೋರಿಸಿ, ಕತ್ತರಿ, ಇಕ್ಕಳ ಎಲ್ಲ ಗುರುತು ಸಿಗುತ್ತೆ.

ಎಡ್ಫು ಬಗ್ಗೆ ಯಾರೂ ಹೇಳಲಿಲ್ಲ. ದೇವಸ್ಥಾನ ಅದ್ಭುತ, ಕ್ರಿ.ಪೂ. 237ರಲ್ಲಿ ಶುರುವಾಗಿ 57ರಲ್ಲಿ ಮುಗಿದದ್ದು, ಮರಳಲ್ಲಿ ಹೂತಿದ್ದರಿಂದ ಹೆಚ್ಚು ಕಡಿಮೆ ಇಡಿಯಾಗಿ ಉಳಿದಿದೆ. ಹೊರಗಿನ ಬೆಳಕಿನಿಂದ ಒಂದೊಂದೇ ಕೋಣೆ ದಾಟುತ್ತಾ ಕತ್ತಲು ಜಾಸ್ತಿ ಆಗುತ್ತಾ ಗರ್ಭಗುಡಿ ಬರುತ್ತೆ, ನಮ್ಮ ಹಳೇ ಗುಡಿಗಳ ಹಾಗೇ. ನಮ್ಮತ್ತೆಗೆ ಗೈಡ್ ಬೇಕಾಗಲೇ ಇಲ್ಲ. ಆದರೆ ಹಡಗಿನಿಂದ ಅಲ್ಲಿಗೆ ಕುದುರೆ ಗಾಡಿಯಲ್ಲಿ ಕಳಿಸುತ್ತಾರೆ. ನಮಗೆ ಸಿಕ್ಕ ಕುದುರೆಯ ಪಕ್ಕೆಲುಬು ಎಣಿಸಬಹುದಿತ್ತು, ಜೀನಿನ ಕೆಳಗೆ ಗಾಯ. ಮಗಳು ಅಳೋಕೆ ಶುರು ಮಾಡಿದಳು. ಇಳಿದು ಆಟೋದಲ್ಲಿ ಹೋದೆವು. ಆ ಗಾಡಿಯವನು ಅರ್ಧ ದಾರಿ ಬೈಯುತ್ತಾ ಹಿಂದೆ ಬಂದ, ಪಾಪ ಅವನ ಹೊಟ್ಟೆಪಾಡೂ ಅದೇ. ನೀವು ಹಿಂದಿನ ರಾತ್ರಿಯೇ ರಿಸೆಪ್ಷನ್‌ನಲ್ಲಿ ಟ್ಯಾಕ್ಸಿ ಹೇಳಿಬಿಡಿ, ಗಾಡಿ ಹತ್ತಿಳಿಯೋದು ಅಮ್ಮನಿಗೂ ಕಷ್ಟ.

ಊಟಕ್ಕೆ ಹೆದರಬೇಡಿ. ಬೆಳಿಗ್ಗೆ ಫೂಲ್ ಅಂತ ಬೇಯಿಸಿದ ಬೀನ್ಸ್, ತಾಮಿಯಾ ಅಂದರೆ ನಮ್ಮ ವಡೆಯ ತಮ್ಮ. ಕುಶರಿ ಅಂತ ಅನ್ನ, ಬೇಳೆ, ಪಾಸ್ತಾ, ಕಡಲೆ ಎಲ್ಲ ಸೇರಿಸಿ ಮೇಲೆ ಹುರಿದ ಈರುಳ್ಳಿ ಹಾಕುತ್ತಾರೆ, ಹೊಟ್ಟೆ ಗಟ್ಟಿ. ಸೂಪ್ ಮಾತ್ರ ಕೇಳಿ ಕುಡಿಯಿರಿ, ತರಕಾರಿ ಸೂಪಿಗೂ ಮಾಂಸದ ನೀರು ಹಾಕಿರುತ್ತಾರೆ. ಚಟ್ನಿಪುಡಿ ಒಂದು ಡಬ್ಬಿ ತಗೊಂಡು ಹೋಗಿ, ನಮ್ಮದನ್ನು ಹಡಗಿನ ಬಾಣಸಿಗ ಕೇಳಿ ಇಸಿದುಕೊಂಡ.

ಇನ್ನೊಂದು, ಎಸ್ನಾ ಹತ್ತಿರ ಪುಟ್ಟ ದೋಣಿಯವರು ಬಂದು ಹಡಗಿಗೆ ಹಗ್ಗ ಕಟ್ಟಿಕೊಂಡು, ಕೆಳಗಿಂದ ಟವೆಲ್, ನಿಲುವಂಗಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮೇಲಿನ ಡೆಕ್‌ಗೆ ಎಸೆಯುತ್ತಾರೆ. ಬೇಕಾದರೆ ದುಡ್ಡು ಕವರಿಗೆ ಹಾಕಿ ಎಸೆಯಬೇಕು, ಬೇಡದಿದ್ದರೆ ಬಟ್ಟೆಯನ್ನೇ ವಾಪಸ್ ಎಸೆಯಬೇಕು. ಚೌಕಾಸಿ ಮೂರು ಮಹಡಿ ಮೇಲಿಂದ ಕೂಗಿಕೊಂಡು. ನಿಮ್ಮ ಮಗನಿಗೆ ಇಡೀ ಈಜಿಪ್ಟ್‌ನಲ್ಲಿ ನೆನಪಿರೋದು ಇದೇ ಇರಬಹುದು.

ಹಳಗನ್ನಡದ_ಹುಚ್ಚ

ಕೈರೋ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಒಂದೂವರೆ ದಿನಕ್ಕೆ ಮೂರು ಮ್ಯೂಸಿಯಂ ಆಗಲ್ಲ. ಗೀಜಾ ಪಿರಮಿಡ್ ಪಕ್ಕದ ಹೊಸ ಗ್ರ್ಯಾಂಡ್ ಮ್ಯೂಸಿಯಂ ಒಂದು ಸಾಕು. 2025ರ ನವೆಂಬರ್‌ನಲ್ಲಿ ಪೂರ್ತಿಯಾಗಿ ತೆರೆಯಿತು. ಟುಟಾಂಖಾಮೂನ್ ಸಮಾಧಿಯ ಐದು ಸಾವಿರಕ್ಕೂ ಹೆಚ್ಚು ವಸ್ತುಗಳು ಒಂದೇ ಕಡೆ ಇರೋದು ಅಲ್ಲೇ. ಲಿಫ್ಟ್, ಎಸ್ಕಲೇಟರ್, ಗಾಲಿಕುರ್ಚಿ ಎಲ್ಲ ಉಂಟು, ಅಮ್ಮನಿಗೆ ಈ ಪ್ರಯಾಣದಲ್ಲೇ ಸುಲಭದ ಜಾಗ. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ತಹ್ರೀರ್ ಚೌಕದ 1902ರ ಗುಲಾಬಿ ಕಟ್ಟಡ ನನಗೆ ಜೀವ, ಧೂಳು ಹಿಡಿದ ಹಳೇ ಲೈಬ್ರರಿಯ ಹಾಗೆ. ಆದರೆ ಮಗು, ವಯಸ್ಸಾದವರು ಇರುವಾಗ ಬೇಡ. ಉಳಿದರ್ಧ ದಿನ ಫುಸ್ತಾತ್‌ನ ನಾಗರಿಕತೆಯ ಮ್ಯೂಸಿಯಂಗೆ ಕೊಡಿ. 2021ರ ಏಪ್ರಿಲ್ 3ರಂದು 22 ರಾಜ-ರಾಣಿಯರ ಮಮ್ಮಿಗಳನ್ನು ರಸ್ತೆಯಲ್ಲಿ ಮೆರವಣಿಗೆ ಮಾಡಿ ಕರೆತಂದದ್ದು ಅಲ್ಲಿಗೇ. ನೆಲದ ಕೆಳಗಿನ ಕತ್ತಲು ಹಾಲ್, ಫೋಟೋ ತೆಗೆಯುವ ಹಾಗಿಲ್ಲ. ಎರಡನೇ ರಾಮ್ಸೆಸ್‌ನ ಕೂದಲು ಕೂಡ ಕಾಣುತ್ತೆ.

ನನ್ನ ಹುಚ್ಚಿನದೊಂದು ಮಾತು ಹೇಳದಿದ್ದರೆ ನಿದ್ದೆ ಬರಲ್ಲ. ಕೈರೋದಿಂದ ದಕ್ಷಿಣಕ್ಕೆ ಆಕ್ಸಿರಿಂಕಸ್ ಅಂತ ಹಳೇ ಊರಿದೆ. ಅಲ್ಲಿನ ಕಸದ ದಿಬ್ಬಗಳಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನ ಇದೆ, 1903ರಲ್ಲಿ ಅಚ್ಚಾಯಿತು. ಕಥೆ ನಡೆಯೋದು ಭಾರತದ ಕಡಲ ತೀರದಲ್ಲಿ. ಅದರಲ್ಲಿ ಊರವರು ಗ್ರೀಕ್ ಅಲ್ಲದ ಏನೋ ಮಾತಾಡುತ್ತಾರೆ, ಅದು ಕನ್ನಡ ಅಂತ ಹುಲ್ಟ್ಸ್ ಎಂಬ ವಿದ್ವಾಂಸರು ಹೇಳಿದರು, ನಮ್ಮ ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ಅದರ ಮೇಲೆ ಕೆಲಸ ಮಾಡಿದರು. ಒಪ್ಪದವರೂ ಬಹಳ ಜನ ಇದ್ದಾರೆ, ಬರೀ ಅರ್ಥವಿಲ್ಲದ ಸದ್ದು ಅನ್ನುವವರೂ ಇದ್ದಾರೆ. ನನಗೆ ಪೂರ್ತಿ ನಂಬಿಕೆ ಇಲ್ಲ, ಆದರೆ ನಂಬೋಕೆ ಆಸೆ ಇದೆ. ನಿಮ್ಮ ದಾರಿಯಲ್ಲಿ ಇದು ಬರಲ್ಲ, ಹಾಳೆಯೂ ಈಗ ಇಂಗ್ಲೆಂಡ್‌ನಲ್ಲಿದೆ. ಸುಮ್ನೆ ಹೇಳಿದೆ.

ಟಿಕೆಟ್‌ಗೆ ಹೆಚ್ಚಿನ ಕಡೆ ಕಾರ್ಡ್ ಮಾತ್ರ ತಗೋತಾರೆ, ಭಕ್ಷೀಸಿಗೆ ಮಾತ್ರ ಚಿಲ್ಲರೆ ಬೇಕು. ಎರಡನ್ನೂ ಅದಲು ಬದಲು ಮಾಡಿಕೊಂಡು ನಾನು ಪರದಾಡಿದೆ.

ಮೈಸೂರ್‌ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಸಂಜೆ ಊಟದ ಟೇಬಲ್ ಮೇಲೆ ಎಲ್ಲವನ್ನೂ ಓದಿ ಹೇಳಿದೆ. ತೀರ್ಮಾನ ಹೀಗಾಯಿತು. ಕೈರೋದಲ್ಲಿ ಹೊಸ ಮ್ಯೂಸಿಯಂ, ಫುಸ್ತಾತ್, ಅಷ್ಟೇ. ಲಕ್ಸರ್‌ನಲ್ಲಿ ಕಣಿವೆಗೆ ನಾನು ಮಗ ಹೋಗೋದು, ಅಮ್ಮ ನಾಲ್ಕನೇ ರಾಮ್ಸೆಸ್ ಒಂದನ್ನು ನೋಡಿ ನೆರಳಲ್ಲಿ ಕೂರೋದು. ಸಂಜೆ ಎಲ್ಲರೂ ಲಕ್ಸರ್ ಮ್ಯೂಸಿಯಂ. ಎಡ್ಫುಗೆ ಟ್ಯಾಕ್ಸಿ. ಅಬು ಸಿಂಬೆಲ್‌ಗೆ ಅಪ್ಪ-ಮೊಮ್ಮಗನಿಗೆ ವಿಮಾನದ ಟಿಕೆಟ್ ನೋಡುತ್ತಿದ್ದೇನೆ, ಆ ಹೊತ್ತಿಗೆ ನಾನೂ ಅಮ್ಮನೂ ಡೆಕ್ ಮೇಲೆ. ಲಿಫ್ಟ್ ಇಲ್ಲವಂತೆ, ಲಾಬಿ ಮಹಡಿಯಲ್ಲಿ ರೂಮು ಕೊಟ್ಟಿದ್ದಾರೆ.

ಗೇಜ್‌ರೀಡರ್ ಸರ್, ನಿಮ್ಮ ಬಾಗಲಕೋಟೆ ಮಾತು ಓದಿದಾಗ ಅಪ್ಪ ಏನೂ ಹೇಳಲಿಲ್ಲ, ಎದ್ದು ಹೋಗಿ ಹಳೇ ಟ್ರಂಕ್ ತೆಗೆದರು. ಒಂದು ಡೈರಿ ಹಿಡಿದುಕೊಂಡು ಬಂದು ಕೂತಿದ್ದಾರೆ. ನೂಬಿಯನ್ ಮ್ಯೂಸಿಯಂಗೆ ಅರ್ಧ ದಿನ ಬೇಕಂತೆ. ಮತ್ತೆ ನಿಮ್ಮನ್ನು ಒಂದು ಪ್ರಶ್ನೆ ಕೇಳು ಅಂದರು: ಎಲಿಫೆಂಟೈನ್ ನೈಲೋಮೀಟರ್‌ನಲ್ಲಿ ಗುರುತುಗಳ ನಡುವಿನ ಅಂತರ ನೀವು ಟೇಪ್ ಹಿಡಿದು ಅಳೆದಿರಾ, ಇಲ್ಲ ಕಣ್ಣಳತೆಯಾ?

ಗೇಜ್‌ರೀಡರ್

ಟೇಪ್ ರೂಮಿನಲ್ಲೇ ಬಿಟ್ಟು ಹೋಗಿದ್ದೆ. ಇವತ್ತಿಗೂ ಬೇಜಾರಿದೆ. ಅವರು ಮರೆಯದೆ ತಗೊಂಡು ಹೋಗಲಿ, ಅಳತೆ ಇಲ್ಲಿ ಹಾಕಿ.